ಬಾಜೂಕ ಯಾರರ ಮಲಗ್ಯಾರೇನು? ಸ್ಪ್ರಿಂಗ್‌ಸ್ಟೀನ್ ಸಣ್ಣ ದನಿಯಲ್ಲಿ ಹಾಡಿದ ಆಲ್ಬಂ

ಶಹಾಪುರದಿಂದ ಮಾತಾಡ್ತಿದ್ದೀನಿ. ರಾತ್ರಿ ಹನ್ನೊಂದೂವರೆ ಆಗಿದೆ. ಫ್ಯಾನ್ ಬಂದ್ ಮಾಡಿದ್ದೀನಿ, ಅದರ ಸಪ್ಪಳ ಮೈಕಿಗೆ ಭಾಳ ಬೀಳ್ತದೆ. ಕಿಟಕಿಗೆ ಎರಡು ಕೌದಿ ಕಟ್ಟಿದ್ದೀನಿ. ನಮ್ಮ ಸ್ಟುಡಿಯೋ ಅಂದ್ರೆ ಇಷ್ಟೇ. ಪಕ್ಕದ ಕೋಣೆಯಲ್ಲಿ ಅವ್ವ ಮಲಗಿದ್ದಾಳೆ, ಹಾಗಾಗಿ ಇವತ್ತು ನನ್ನ ದನಿ ಸ್ವಲ್ಪ ಸಣ್ಣಗಿರ್ತದೆ. ಇಯರ್‌ಫೋನ್ ಇದ್ರೆ ಹಾಕ್ಕೊಂಡು ಕೇಳಿ.

ಇವತ್ತು ಸಿನಿಮಾ ಹಾಡಿನ ವಿಷಯ ಇಲ್ಲ. ಒಂದೇ ಒಂದು ಆಲ್ಬಂ. ಹನ್ನೆರಡು ಹಾಡು, ಹೆಚ್ಚು ಕಡಿಮೆ 50 ನಿಮಿಷ. ಆರೇಳು ವರ್ಷದಿಂದ ಬಿಟ್ಟು ಬಿಟ್ಟು ಕೇಳ್ತಾ ಇದ್ದೀನಿ, ಇನ್ನೂ ಮುಗಿದಿಲ್ಲ ಅನ್ನಿಸ್ತದೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅಂತ ಅಮೆರಿಕದ ರಾಕ್ ಗಾಯಕ. ಆಲ್ಬಂ ಹೆಸರು 'ದಿ ಗೋಸ್ಟ್ ಆಫ್ ಟಾಮ್ ಜೋಡ್', ಅಂದ್ರೆ ಟಾಮ್ ಜೋಡನ ಭೂತ. 1995ರ ನವೆಂಬರ್ 21ಕ್ಕೆ ಬಂತು. ಹಾಡು ಇಲ್ಲಿ ಹಾಕಕ್ಕಾಗಲ್ಲ, ಹಕ್ಕಿನ ಪ್ರಶ್ನೆ ಇರ್ತದೆ. ನಾನು ಬಾಯಿಲೆ ಹೇಳ್ತೀನಿ, ನೀವು ಆಮೇಲೆ ಹುಡುಕಿ ಕೇಳಿ.

ಗೊತ್ತಿಲ್ಲದವರಿಗೆ ಮೊದಲು ಆ ಮನುಷ್ಯನ ಪರಿಚಯ. ಹುಟ್ಟಿದ್ದು 1949ರಲ್ಲಿ, ಬೆಳೆದದ್ದು ನ್ಯೂಜೆರ್ಸಿ ರಾಜ್ಯದ ಫ್ರೀಹೋಲ್ಡ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಒಂದು ಕೆಲಸದಲ್ಲಿ ನಿಂತವನಲ್ಲ. ಸ್ವಲ್ಪ ದಿನ ರತ್ನಗಂಬಳಿ ಕಾರ್ಖಾನೆ, ಸ್ವಲ್ಪ ದಿನ ಫೋರ್ಡ್ ಕಾರ್ಖಾನೆ, ಸ್ವಲ್ಪ ದಿನ ಬಸ್ ಡ್ರೈವರ್. 1975ರಲ್ಲಿ 'ಬಾರ್ನ್ ಟು ರನ್' ಅನ್ನೋ ಆಲ್ಬಂನಿಂದ ಮಗ ಹೆಸರು ಮಾಡಿದ. 1984ರಲ್ಲಿ 'ಬಾರ್ನ್ ಇನ್ ದಿ ಯುಎಸ್ಎ' ಬಂದ ಮೇಲಂತೂ ದೊಡ್ಡ ದೊಡ್ಡ ಕ್ರೀಡಾಂಗಣಗಳೇ ತುಂಬಿದವು. ಹಿಂದೆ ಇ ಸ್ಟ್ರೀಟ್ ಬ್ಯಾಂಡ್ ಅಂತ ಅವನ ತಂಡ. ಡ್ರಮ್ಮು, ಸ್ಯಾಕ್ಸೊಫೋನು, ಪಿಯಾನೊ, ಎರಡು ಮೂರು ಗಿಟಾರು. ಮೂರು ತಾಸು ನಿಲ್ಲದೆ ಹಾಡಿ, ಅಂಗಿ ಹಿಂಡಿದ್ರೆ ನೀರು ಬರೋವಷ್ಟು ಬೆವರುವ ಮನುಷ್ಯ.

ನಮ್ಮ ಕಡೆ ಹೋಲಿಕೆ ಹೇಳೋದಾದ್ರೆ ಸಿ. ಅಶ್ವಥ್ ನೆನಪು ಮಾಡ್ಕೊಳ್ಳಿ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಅಂತ ಆ ಜನಸಾಗರದ ಮುಂದೆ ಹಾಡಿದ ಆ ಕಂಠ. ಅವರು ಒಂದು ದಿನ ವಾದ್ಯದವರನ್ನೆಲ್ಲ ಮನೆಗೆ ಕಳಿಸಿ, ಒಂದು ಹಾರ್ಮೋನಿಯಂ ಮುಂದೆ ಕೂತು, ಎದುರಿಗೆ ಕೂತವನಿಗೆ ಮಾತ್ರ ಕೇಳೋ ಹಾಗೆ ಹಾಡಿದ್ರೆ ಹೇಗಿರ್ತಿತ್ತು? 1995ರಲ್ಲಿ, 46ನೇ ವಯಸ್ಸಿಗೆ, ಸ್ಪ್ರಿಂಗ್‌ಸ್ಟೀನ್ ಮಾಡಿದ್ದು ಅಂಥದ್ದೇ ಕೆಲಸ. ಅಕೂಸ್ಟಿಕ್ ಗಿಟಾರು, ಮೌತ್ ಆರ್ಗನ್ನು, ದನಿ. ಪೂರಾ ಒಬ್ಬನೇ ಅಂತಲ್ಲ. ಕೆಲವು ಹಾಡಲ್ಲಿ ಪಿಟೀಲು ಬರ್ತದೆ, ಡ್ರಮ್ಮು ಬರ್ತದೆ. ಆದರೆ ಅವರೂ ಯಾರದೋ ಮನೆಯಲ್ಲಿ ಹಿರಿಯರು ಮಲಗಿದ್ದಾಗ ಬಂದ ಬೀಗರ ಥರ ನುಡಿಸ್ತಾರೆ.

ನಾನು ಇದನ್ನ ಮೊದಲು ಕೇಳಿದ್ದು ಬೆಂಗಳೂರಲ್ಲಿ. ಯಾದಗಿರಿಯಲ್ಲಿ ಬಿ.ಕಾಂ ಮುಗಿಸಿ, ಟ್ಯಾಲಿ ಕಲಿತು, ಒಂದು ಕಟ್ಟಡದ ಸೈಟಿನಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದ್ದೆ. ಗುತ್ತಿಗೆದಾರರ ಹೆಸರು ಬ್ಯಾಡ. ಅಲ್ಲಿ ಒಬ್ಬ ಸೈಟ್ ಎಂಜಿನಿಯರ್ ಇದ್ದ, ರಾಕ್ ಹುಚ್ಚ. ನನಗೆ ಆವರೆಗೆ ರಾಕ್ ಅಂದ್ರೆ ಹಾಸ್ಟೆಲಲ್ಲಿ ಕೇಳಿದ ರಘು ದೀಕ್ಷಿತ್, ಶರೀಫರ ಪದಕ್ಕೆ ಗಿಟಾರು ಹಚ್ಚಿದ ಆ 2008ರ ಆಲ್ಬಂ, ಅಷ್ಟೇ. ಅವನು ಫೋನಿಗೆ ಒಂದಿಷ್ಟು ಹಾಡು ಹಾಕಿಕೊಟ್ಟ. ಈ ಆಲ್ಬಂ ಹಚ್ಚಿದೆ. ಖರೇ ಹೇಳ್ತೀನಿ, ಮೂರನೇ ಹಾಡಿಗೆ ನಿದ್ದೆ ಬಂತು. ಮುಂಜಾನೆ ಎದ್ದು ಅವನಿಗೆ, "ಏನ್ ಸರ್ ಇದು, ಗೊಣಗಿದಂಗ ಹಾಡ್ತಾನ" ಅಂದೆ. ಅವನು ನಕ್ಕ. "ಹಾಗಂತ ಗೊಣಗಿದ್ದೇನು ಅಂತ ಕೇಳಿದೀರಾ?" ಅಂದ.

ಕೇಳಿರಲಿಲ್ಲ. ಪದಗಳನ್ನ ಇಳಿಸಿಕೊಂಡು, ಡಿಕ್ಷನರಿ ಇಟ್ಟುಕೊಂಡು ಓದಿದ್ದು ಎಷ್ಟೋ ದಿನ ಆದ ಮೇಲೆ. ಓದಿದಾಗ ಗೊತ್ತಾಯ್ತು, ಇದು ಪೂರಾ ಗುಳೆ ಹೋದವರ ಆಲ್ಬಂ.

ಟಾಮ್ ಜೋಡ್ ಯಾರು ಅಂದ್ರೆ, ಜಾನ್ ಸ್ಟೈನ್‌ಬೆಕ್ ಅನ್ನೋ ಲೇಖಕ 1939ರಲ್ಲಿ ಬರೆದ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯ ನಾಯಕ. 1930ರ ದಶಕದಲ್ಲಿ ಅಮೆರಿಕದ ನಡುಭಾಗದಲ್ಲಿ ವರ್ಷಗಟ್ಟಲೆ ಮಳೆ ಇಲ್ಲ, ಉತ್ತ ಹೊಲದ ಮಣ್ಣೆಲ್ಲ ಗಾಳಿಗೆ ಎದ್ದು ಧೂಳಾಗಿ ಹೋಯ್ತು. ಸಾಲದಾಗ ಹೊಲ ಹೋಯ್ತು. ಒಕ್ಲಹೋಮಾ ರಾಜ್ಯದ ರೈತರು ಹಳೇ ಮೋಟಾರಿನ ಮೇಲೆ ಹಾಸಿಗೆ, ಪಾತ್ರೆ, ಮುದುಕರು, ಮಕ್ಕಳನ್ನು ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹಣ್ಣು ಬಿಡಿಸೋ ಕೂಲಿಗೆ ಹೋದರು. ಮರುವರ್ಷ ಜಾನ್ ಫೋರ್ಡ್ ಅದನ್ನ ಸಿನಿಮಾ ಮಾಡಿದ. ಆ ಟಾಮ್ ಜೋಡನ ನೆರಳು ಇನ್ನೂ ಹೆದ್ದಾರಿ ಪಕ್ಕದಲ್ಲಿ, ಸೇತುವೆ ಕೆಳಗೆ ಮಲಗಿದವರ ನಡುವೆ ಓಡಾಡ್ತಿದೆ ಅನ್ನೋದು ಈ ಆಲ್ಬಂನ ಮೊದಲ ಹಾಡು.

ಈ ಚಿತ್ರ ನಮಗೆ ಹೊಸದಾ? ಯಾದಗಿರಿ ಬಸ್‌ಸ್ಟ್ಯಾಂಡಿಗೆ ರಾಶಿ ಮುಗಿದ ಮೇಲೆ ಒಂದು ಸಂಜೆ ಹೋಗಿ ನಿಂತ್ಕೊಳ್ರಿ. ಬೆಂಗಳೂರು ಬಸ್ಸಿಗೆ ಏರಿಸೋ ಜೋಳದ ಚೀಲ, ಸ್ಟೌ, ಪ್ಲಾಸ್ಟಿಕ್ ಕೊಡ, ಸೀರೆಯಲ್ಲಿ ಕಟ್ಟಿದ ಗಂಟು. ಸ್ಟೇಷನ್ನಿಗೆ ಹೋದ್ರೆ ಉದ್ಯಾನ್ ಎಕ್ಸ್‌ಪ್ರೆಸ್. ಅದು ಮುಂಬೈಗೂ ಹೋಗ್ತದೆ, ಬೆಂಗಳೂರಿಗೂ ಹೋಗ್ತದೆ, ನಮ್ಮ ಮಂದಿ ಎರಡೂ ಕಡೆ ಹೋಗ್ತಾರೆ. ನಮ್ಮ ಜಿಲ್ಲೆಗೆ ಕೃಷ್ಣಾ ಇದೆ, ಭೀಮಾ ಇದೆ. ನಾರಾಯಣಪುರದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎಷ್ಟೋ ಹೊಲಕ್ಕೆ ನೀರು ತಂದಿದೆ, ಭತ್ತದ ಗದ್ದೆ ಕಣ್ಣಿಗೆ ಹಬ್ಬ. ಆದರೆ ಕಾಲುವೆ ಕೊನೆಯವನಿಗೆ ನೀರು ಮುಟ್ಟೋದು ಯಾವಾಗ್ಲೋ. ಮಳೆ ನಂಬಿ ತೊಗರಿ ಹಾಕಿದವನು, ಹೊಲವೇ ಇಲ್ಲದವನು, ತಾಂಡಾದವರು, ಇವರ ಲೆಕ್ಕ ಬ್ಯಾರೆ. ಗುಳೆ ಅನ್ನೋದು ಪೇಪರಿನವರ ಶಬ್ದ. ಮನೆಯಲ್ಲಿ ಯಾರೂ ಹಾಗೆ ಅನ್ನಲ್ಲ. "ದುಡ್ಯಾಕ ಹೋಗ್ಯಾರ" ಅಂತಾರೆ. ನಮ್ಮ ಅಪ್ಪ-ಅವ್ವನೂ ದುಡ್ಯಾಕ ಹೋಗಿದ್ದರು. ನಾನು ಎರಡನೇ ಕ್ಲಾಸಿನಿಂದ ಏಳನೇ ಕ್ಲಾಸಿನ ತನಕ ಅಜ್ಜಿ ಹತ್ತಿರ.

ಈಗ ಸಪ್ಪಳದ ವಿಷಯಕ್ಕೆ ಬರೋಣ, ಯಾಕಂದ್ರೆ ಆಲ್ಬಂ ಅಂದ ಮೇಲೆ ಕಥೆ ಒಂದೇ ಹೇಳಿದ್ರೆ ಮುಗೀಲಿಲ್ಲ.

ಅದರಲ್ಲಿ ಎಷ್ಟೋ ಹಾಡಿಗೆ ರಾಗ ಅನ್ನೋದೇ ಕಡಿಮೆ. ಗಿಟಾರಿನ ತಂತಿಯನ್ನ ಒಂದೊಂದಾಗಿ ಬೆರಳಲ್ಲಿ ಮೀಟ್ತಾನೆ, ಅದೇ ನಾಲ್ಕೈದು ಸ್ವರ ಸುತ್ತಿ ಸುತ್ತಿ ಬರ್ತದೆ. ಕೆಲವು ಹಾಡಲ್ಲಿ ಹಿಂದೆ ಕೀಬೋರ್ಡಿನ ಒಂದು ಉದ್ದ ಸ್ವರ ನಿಂತಿರ್ತದೆ. ಇದೆ ಅಂತ ಗೊತ್ತಾಗೋದೇ ಅದು ನಿಂತಾಗ. ಅವನ ದನಿ ಹಾಡಿಗಿಂತ ಮಾತಿಗೆ ಹತ್ತಿರ. ನನಗೆ ತಟ್ಟನೆ ನೆನಪಾದದ್ದು ನಮ್ಮೂರ ಅಮಾವಾಸ್ಯೆ ಭಜನೆ. ಏಕತಾರಿ, ದಮ್ಮಡಿ, ತಾಳ. ಕಡಕೋಳ ಮಡಿವಾಳಪ್ಪನವರ ಪದ, ಅವರ ಶಿಷ್ಯ ಚೆನ್ನೂರ ಜಲಾಲಸಾಬರ ಪದ. ಹಿಂದೂ, ಮುಸಲ್ಮಾನ ಅಂತಿಲ್ಲದೆ ಒಂದೇ ಗುಡಿಯಲ್ಲಿ ರಾತ್ರಿ ಪೂರಾ ನಡೀತದೆ. ಮೊದಮೊದಲು ಎಲ್ಲರೂ ಕೂಗಿ ಹಾಡ್ತಾರೆ. ಎರಡು ಗಂಟೆ ದಾಟಿತು ಅಂದ್ರೆ ಜನ ಕರಗ್ತಾರೆ, ಮೂರ್ನಾಲ್ಕು ಮಂದಿ ಉಳೀತಾರೆ. ಆಗ ಒಬ್ಬ ಮುದುಕ ಏಕತಾರಿ ಎದೆಗೆ ಒತ್ತಿಕೊಂಡು ಹಾಡ್ತಿದ್ದ. ಅವನು ಹಾಡಿದ್ದು ಪಕ್ಕದವನಿಗೂ ಕೇಳಿತೋ ಇಲ್ಲೋ. ಸಣ್ಣವನಿದ್ದಾಗ ಅಜ್ಜಿ ತೊಡೆ ಮೇಲೆ ಮಲಗಿ ಅದನ್ನ ಕೇಳಿದ್ದೀನಿ. ಏಕತಾರಿಗೆ ಒಂದೇ ತಂತಿ, ಅದು ಸುಮ್ಮನೆ ನೆಲ ಹಾಸಿ ಕೊಡ್ತದೆ, ಮಾತು ಅದರ ಮೇಲೆ ನಡೀತದೆ. ಸ್ಪ್ರಿಂಗ್‌ಸ್ಟೀನನ ಕೀಬೋರ್ಡ್ ಮಾಡೋದೂ ಅದೇ ಕೆಲಸ.

ಇಲ್ಲಿ ಒಂದು ಪ್ರಶ್ನೆ. ಅಷ್ಟು ದೊಡ್ಡ ದನಿ ಇದ್ದವನು ಯಾಕೆ ದನಿ ಇಳಿಸಿದ? ನನಗೆ ಉತ್ತರ ಸಿಕ್ಕಿದ್ದು ಅವನ ಹಳೇ ಹಾಡಲ್ಲಿ.

'ಬಾರ್ನ್ ಇನ್ ದಿ ಯುಎಸ್ಎ' ನೀವು ಜಿಮ್ಮಿನಲ್ಲಿ ಕೇಳಿರ್ತೀರಿ. ಡ್ರಮ್ಮು ಸಿಡಿಲಿನ ಹಾಗೆ, ಎಲ್ಲರೂ ಮುಷ್ಟಿ ಎತ್ತಿ ಕೂಗ್ತಾರೆ. ಹಾಡು ಯಾರ ಬಗ್ಗೆ? ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದು, ಊರಲ್ಲಿ ಕೆಲಸ ಸಿಗದೆ, ಎಲ್ಲಿಗೂ ಸಲ್ಲದವನ ಬಗ್ಗೆ. ಜನ ಕೇಳಿದ್ದು ಬರೀ ಪಲ್ಲವಿ. ದೇಶಭಕ್ತಿ ಗೀತೆ ಅಂದುಕೊಂಡರು. 1984ರ ಚುನಾವಣೆ ಪ್ರಚಾರಕ್ಕೆ ನ್ಯೂಜೆರ್ಸಿಗೆ ಬಂದ ಅಧ್ಯಕ್ಷ ರೇಗನ್ ಕೂಡ ಭಾಷಣದಲ್ಲಿ ಸ್ಪ್ರಿಂಗ್‌ಸ್ಟೀನ್ ಹೆಸರು ತಗೊಂಡು ಹೊಗಳಿದರು. ಮಜಾ ಅಂದ್ರೆ ಆ ಹಾಡನ್ನ ಅವನು 1982ರಲ್ಲಿ ಮೊದಲು ಮಾಡಿದ್ದು ಬರೀ ಗಿಟಾರ್ ಇಟ್ಟುಕೊಂಡು. ಆ ಮುದ್ರಣ ಹೊರಗೆ ಬಂದದ್ದು 1998ರಲ್ಲಿ. ಟಾಮ್ ಜೋಡ್ ಆಲ್ಬಂ ಜೊತೆಗೆ 1995ರಿಂದ 1997ರ ತನಕ ಒಬ್ಬನೇ ಸಣ್ಣ ಸಣ್ಣ ಥಿಯೇಟರುಗಳಿಗೆ ಹೋದನಲ್ಲ, ಆಗ ಆ ಹಾಡನ್ನ ಗಿಟಾರಿನ ಮೇಲೆ ಸ್ಲೈಡ್ ಎಳೆದು, ಗಂಟಲು ಒಣಗಿದವನ ಹಾಗೆ ಹಾಡ್ತಿದ್ದ. ಅದನ್ನ ಕೇಳಿ ಯಾರೂ ಮುಷ್ಟಿ ಎತ್ತಕ್ಕಾಗಲ್ಲ. ಪದ ಕಿವಿಗೆ ಬೀಳ್ಲೇಬೇಕು.

ಆ ಪ್ರವಾಸದಲ್ಲಿ ಅವನು ಮೊದಲಿಗೇ ಜನಕ್ಕೆ ಹೇಳಿಬಿಡ್ತಿದ್ದನಂತೆ, ಸುಮ್ಮನಿರ್ರಿ, ಚಪ್ಪಾಳೆ ತಾಳ ಹಾಕಬ್ಯಾಡ್ರಿ ಅಂತ. ಇಪ್ಪತ್ತು ವರ್ಷ ಜನರನ್ನ ಕುಣಿಸಿದವನು! 1996ರ ನವೆಂಬರಲ್ಲಿ ಫ್ರೀಹೋಲ್ಡಿಗೆ ಹೋಗಿ, ತಾನು ಸಣ್ಣವನಿದ್ದಾಗ ಓದಿದ ಸಾಲಿಯ ಜಿಮ್ ಹಾಲಿನಲ್ಲೇ ಹಾಡಿದ. ಮಾರಾಟದಲ್ಲಿ ಆಲ್ಬಂ ಅಂಥಾ ಏನೂ ಮಾಡಲಿಲ್ಲ, ಅಮೆರಿಕದ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ನಿಂತಿತು. ಅವನ ಮಟ್ಟಕ್ಕೆ ಅದು ಇಳಿತ. 1997ರಲ್ಲಿ ಜಾನಪದ ವಿಭಾಗದಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಈಗ ನನಗೆ ಹೇಳಕ್ಕೆ ಕಷ್ಟ ಆಗೋ ಹಾಡು. 'ಸಿನಲೋವಾ ಕೌಬಾಯ್ಸ್'.

ಮೆಕ್ಸಿಕೋದಿಂದ ಇಬ್ಬರು ಅಣ್ಣತಮ್ಮಂದಿರು ಗಡಿ ದಾಟಿ ಕ್ಯಾಲಿಫೋರ್ನಿಯಾಕ್ಕೆ ಬರ್ತಾರೆ. ಮಿಗೆಲ್ ರೊಸಾಲೆಸ್, ಲೂಯಿಸ್ ರೊಸಾಲೆಸ್. ಸ್ಯಾನ್ ವಾಕೀನ್ ಕಣಿವೆಯ ಹಣ್ಣಿನ ತೋಟದಲ್ಲಿ ಕೂಲಿ. ಆಮೇಲೆ ಯಾರೋ ಮಾದಕ ವಸ್ತು ತಯಾರಿಸೋ ಕೆಲಸ ಕೊಡ್ತಾರೆ. ತೋಟದಲ್ಲಿ ವರ್ಷವಿಡೀ ದುಡಿದ್ರೆ ಎಷ್ಟೋ, ಅದರ ಅರ್ಧ ಇಲ್ಲಿ ಒಂದೇ ಪಾಳಿಗೆ. ವಿಷದ ಕೆಲಸ, ಬೆಂಕಿ ಹತ್ತಿದ್ರೆ ಮುಗೀತು. ಬಂದ ದುಡ್ಡನ್ನ ನೀಲಗಿರಿ ತೋಪಿನಲ್ಲಿ ಗುಂಡಿ ತೋಡಿ ಹೂತಿಡ್ತಾರೆ. ಒಂದು ಚಳಿಗಾಲದ ಸಂಜೆ ಶೆಡ್ಡು ಸಿಡೀತದೆ. ಮಿಗೆಲ್ ಲೂಯಿಸನನ್ನ ಹೆಗಲ ಮೇಲೆ ಹೊತ್ತು ಹಳ್ಳದ ದಂಡೆಗೆ ತರ್ತಾನೆ. ಅಲ್ಲೇ ಹುಲ್ಲಿನಲ್ಲಿ ಅವನ ಜೀವ ಹೋಗ್ತದೆ. ಮಿಗೆಲ್ ತೋಪಿಗೆ ಹೋಗಿ ಗುಂಡಿ ತೋಡಿ ಕೂಡಿಟ್ಟ 10 ಸಾವಿರ ಡಾಲರ್ ಹೊರಗೆ ತೆಗೀತಾನೆ. ಅದೇ ಗುಂಡಿಯಲ್ಲಿ ತನ್ನ ಒಡಹುಟ್ಟಿದವನನ್ನ ಇಡ್ತಾನೆ.

ಇಷ್ಟೇ. ಅಳೋದಿಲ್ಲ, ಕೂಗೋದಿಲ್ಲ. ಗಿಟಾರು ಅದೇ ಸ್ವರ ಸುತ್ತುತ್ತಾ ಇರ್ತದೆ, ಯಾರೋ ಪಂಚನಾಮೆ ಓದಿ ಹೇಳಿದ ಹಾಗೆ. ನಾನು ಡೆಬಿಟ್, ಕ್ರೆಡಿಟ್ ಕಲಿತವನು. ಒಂದು ಕಡೆಯಿಂದ ತೆಗೆದದ್ದು, ಒಂದು ಕಡೆ ಇಟ್ಟದ್ದು, ಎರಡೂ ತಾಳೆ ಆಗಬೇಕು ಅಂತ ನಮಗೆ ಹೇಳಿಕೊಟ್ಟಿದ್ದು. ಆ ಗುಂಡಿಯ ಲೆಕ್ಕ ಕೇಳಿದ ರಾತ್ರಿ ನಾನು ಇಯರ್‌ಫೋನ್ ತೆಗೆದಿಟ್ಟೆ.

ಹಾಡಿಗಿಂತ ಹೆಚ್ಚಾಗಿ ಚುಚ್ಚಿದ್ದು ಆ ಹೆಸರು. ಮಿಗೆಲ್ ರೊಸಾಲೆಸ್, ಲೂಯಿಸ್ ರೊಸಾಲೆಸ್. ಅಡ್ಡಹೆಸರು ಸಮೇತ. ಯಾಕೆ ಚುಚ್ಚಿತು ಅಂದ್ರೆ, ಆ ಹೊತ್ತಿಗೆ ನನ್ನ ಮೇಜಿನ ಮೇಲೆ ಇದ್ದ ಹಾಜರಿ ಪುಸ್ತಕದಲ್ಲಿ ಹೆಸರೇ ಇರಲಿಲ್ಲ.

ಹೇಗೆ ಅಂದ್ರೆ, ಕೂಲಿಯವರನ್ನ ಕರ್ಕೊಂಡು ಬರೋದು ಮೇಸ್ತ್ರಿ. ಊರಲ್ಲೇ ಮುಂಗಡ ಕೊಟ್ಟು ಗುಂಪು ಕಟ್ಟಿಕೊಂಡು ಬರ್ತಾನೆ. ನಮ್ಮ ಪುಸ್ತಕದಲ್ಲಿ ಬರೆಯೋದು ಮೇಸ್ತ್ರಿ ಹೆಸರು, ಅದರ ಮುಂದೆ ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು. 'ಯಾದಗಿರಿ ಬ್ಯಾಚು: ಗಂಡಾಳು 9, ಹೆಣ್ಣಾಳು 5.' ದಿನಾ ಅಷ್ಟೇ. ವಾರಕ್ಕೊಮ್ಮೆ ಬಟವಾಡೆ, ಅದೂ ಮೇಸ್ತ್ರಿ ಕೈಗೆ. ಅವನು ಆಮೇಲೆ ಹಂಚ್ತಾನೆ. ನಾನು ಹೋದ ಮೊದಲ ದಿನ ಆ ಹದಿನಾಲ್ಕು ಮಂದಿಗೆ ಎಷ್ಟು ಖುಷಿ ಅಂತೀರಿ! "ನಮ್ ಕಡಿ ಹುಡುಗ ಬಂದಾನ, ಲೆಕ್ಕ ಬರಿಯಾಕ" ಅಂತ. ಒಬ್ಬ ಅಕ್ಕ ರೊಟ್ಟಿ, ಶೇಂಗಾ ಹಿಂಡಿ ತಂದು ಕೊಟ್ಟಳು.

ಅವರಲ್ಲಿ ಸುರಪುರ ತಾಲೂಕಿನ ಒಬ್ಬ ಕಾಕಾ ಇದ್ದ. ಸೆಂಟ್ರಿಂಗ್ ಕೆಲಸ. ಒಂದು ಸಂಜೆ ಆಫೀಸಿಗೆ ಬಂದ. ಆಫೀಸ್ ಅಂದ್ರೆ ಅದೂ ಒಂದು ತಗಡಿನ ಶೆಡ್ಡೇ. ಚಪ್ಪಲಿ ಹೊರಗೆ ಬಿಟ್ಟು ಬಂದ, ಬ್ಯಾಡಂದ್ರೂ. ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸಬೇಕು, 90 ದಿನ ಕೆಲಸ ಮಾಡಿದ್ದಕ್ಕೆ ಒಂದು ಚೀಟಿ ಬರೆದು ಕೊಡ್ರಿ ಅಂದ. ನಿಯಮ ಹಾಗೇ ಇದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರಮಾಣಪತ್ರ ಇದ್ರೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗ್ತದೆ, ಮಕ್ಕಳ ಓದಿಗೆ ಸಹಾಯಧನ ಸಿಗ್ತದೆ. ಅವನ ಮಗಳು ಆಗ ಹೈಸ್ಕೂಲು.

ನಾನು ಪುಸ್ತಕ ತೆಗೆದೆ. ತಿರುವಿ ತೋರಿಸಿದೆ. "ಕಾಕಾ, ಇದರಾಗ ನಿನ್ನ ಹೆಸರೇ ಇಲ್ಲ. ಹ್ಯಾಂಗ ಬರೀಲಿ?" ಅಂದೆ.

ಅವನು ಪುಸ್ತಕ ನೋಡಿದ. ಓದಕ್ಕೆ ಬರ್ತಿರಲಿಲ್ಲ, ಆದ್ರೂ ನೋಡಿದ. "ಹೆಸರಿಲ್ಲಂದ್ರ ಏನಾತು ತಮ್ಮಾ, ನಾ ಅದೀನಲ್ಲ" ಅಂದ.

ನಾನು ಮೇಲಿನವರನ್ನ ಕೇಳಬಹುದಿತ್ತು. ಕೇಳಲಿಲ್ಲ. ಕೆಲಸಕ್ಕೆ ಸೇರಿ ಐದೇ ತಿಂಗಳು, ಹೊಸಬ, ಇಲ್ಲದ ರಗಳೆ ಯಾಕೆ ಅನ್ನಿಸ್ತು. ನಾಳೆ ನೋಡೋಣ ಕಾಕಾ ಅಂದೆ. ಆ ನಾಳೆ ಅನ್ನೋ ಮಾತು ನಮ್ಮಂಥ ಗುಮಾಸ್ತರ ಬಾಯಲ್ಲಿ ಹೇಗೆ ಬರ್ತದೆ ಅಂತ ನಿಮಗೂ ಗೊತ್ತು. ಅವನು ಎರಡು ಸಲ ಮತ್ತೆ ಬಂದ. ಮೂರನೇ ಸಲ ಬರಲಿಲ್ಲ.

ಆಮೇಲೆ 2020ರ ಮಾರ್ಚ್. ಲಾಕ್‌ಡೌನ್. ಕೆಲಸ ನಿಂತಿತು. ರಾಜ್ಯ ಸರ್ಕಾರ ನೋಂದಣಿ ಆದ ಕಟ್ಟಡ ಕಾರ್ಮಿಕರ ಖಾತೆಗೆ ಒಟ್ಟು 5,000 ರೂಪಾಯಿ ಹಾಕಿತು. ನೋಂದಣಿ ಆದವರಿಗೆ. ಆ ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೂ ಕಾರ್ಡಿರಲಿಲ್ಲ. 5,000 ಅಂದ್ರೆ ದೊಡ್ಡ ದುಡ್ಡಲ್ಲ ಅಂತ ಯಾರಾದ್ರೂ ಅನ್ನಬಹುದು. ಆ ಏಪ್ರಿಲಲ್ಲಿ ಅದು ಎಷ್ಟು ದೊಡ್ಡದಿತ್ತು ಅಂತ ನಾನು ಕಣ್ಣಾರೆ ನೋಡಿದ್ದೀನಿ.

ಸ್ವಲ್ಪ ನೀರು ಕುಡೀತೀನಿ.

ಹ್ಞಾ. ಉಳಿದ ಹಾಡುಗಳು. 'ಯಂಗ್ಸ್‌ಟೌನ್' ಅಂತ ಒಂದಿದೆ, ಓಹಾಯೋ ರಾಜ್ಯದ ಉಕ್ಕಿನ ಊರು. 1977ರ ಸೆಪ್ಟೆಂಬರ್ 19, ಸೋಮವಾರ, ಅಲ್ಲಿನ ದೊಡ್ಡ ಉಕ್ಕಿನ ಕಂಪನಿ ತನ್ನ ಮುಖ್ಯ ಘಟಕ ಮುಚ್ತೀವಿ ಅಂತ ಹೇಳಿತು. ಅಲ್ಲಿಯವರು ಇವತ್ತಿಗೂ ಅದನ್ನ ಕರಾಳ ಸೋಮವಾರ ಅಂತಾರೆ. ಕಾರ್ಮಿಕರು ತಮ್ಮ ಊದುಕುಲುಮೆಗೆ ಜೆನ್ನಿ ಅಂತ ಹೆಣ್ಣಿನ ಹೆಸರಿಟ್ಟು ಕರೀತಿದ್ದರು, ಹಾಡಿನಲ್ಲಿ ಅವನು ಮಾತಾಡೋದು ಆ ಕುಲುಮೆ ಜೊತೆ. ಇಲ್ಲಿ ಕುಲುಮೆಗೂ ಹೆಸರಿದೆ ನೋಡ್ರಿ. ಇದು ಅವನಿಗೆ ಹೊಳೆದದ್ದು ಒಂದು ಪುಸ್ತಕದಿಂದ. ಡೇಲ್ ಮಹರಿಜ್ ಅನ್ನೋ ವರದಿಗಾರ, ಮೈಕೆಲ್ ವಿಲಿಯಮ್ಸನ್ ಅನ್ನೋ ಫೋಟೋಗ್ರಾಫರ್, ಇಬ್ಬರೂ ಕೆಲಸ ಕಳಕೊಂಡವರ ಜೊತೆ ಗೂಡ್ಸ್ ರೈಲು ಹತ್ತಿ ಅಲೆದು 1985ರಲ್ಲಿ ಬರೆದ 'ಜರ್ನಿ ಟು ನೋವೇರ್'. ವರದಿ ಓದಿ ಹಾಡು ಬರೆದ ಅನ್ನೋದು ನನಗೆ ಇಷ್ಟ ಆಯ್ತು. ಪತ್ರಿಕೆಯವರು ಕೇಳ್ತಿದ್ರೆ ನೋಟ್ ಮಾಡ್ಕೊಳ್ಳಿ.

'ದಿ ಲೈನ್' ಅನ್ನೋದು ಗಡಿ ಕಾಯೋ ಪೊಲೀಸಿನವನ ಹಾಡು. ಅವನ ಹೆಸರು ಕಾರ್ಲ್. ತಡೀಬೇಕಾದ ಹೆಣ್ಣುಮಗಳನ್ನ ದಾಟಿಸಿಬಿಡ್ತಾನೆ, ಆಮೇಲೆ ಕೆಲಸ ಬಿಟ್ಟು ಕೂಲಿಯವರ ಊರೂರಲ್ಲಿ ಅವಳನ್ನ ಹುಡುಕ್ತಾ ತಿರುಗ್ತಾನೆ. 'ಗಾಲ್ವೆಸ್ಟನ್ ಬೇ' ಟೆಕ್ಸಾಸಿನ ಸೀಗಡಿ ಹಿಡಿಯೋರ ಕಥೆ. ವಿಯೆಟ್ನಾಂನಿಂದ ಬಂದ ಲೆ ಬಿನ್ ಸಾನ್, ಅಲ್ಲಿಯವನೇ ಆದ ಬಿಲ್ಲಿ ಸಟರ್. ಬಿಲ್ಲಿ ಚಾಕು ಹಿಡಿದು ಕತ್ತಲಲ್ಲಿ ಕಾಯ್ತಾನೆ. ಲೆ ಬರ್ತಾನೆ, ದಾಟಿ ಹೋಗ್ತಾನೆ. ಬಿಲ್ಲಿ ಚಾಕು ಕಿಸೆಗೆ ಹಾಕ್ಕೊಂಡು ಮನೆಗೆ ಹೋಗಿ, ಎದ್ದು ಮೀನು ಹಿಡಿಯಕ್ಕೆ ಹೋಗ್ತಾನೆ. ಆಗದೇ ಹೋದ ಕೊಲೆಯ ಮೇಲೆ ಒಂದು ಹಾಡು! ಅಂಥಾ ಸುದ್ದಿ ಯಾವ ಟಿವಿಯಲ್ಲೂ ಬರಲ್ಲ.

ಆದರೆ ಪೂರಾ ಆಲ್ಬಂ ಚಿನ್ನ ಅಂತ ನಾನು ಹೇಳಲ್ಲ. ಎರಡು ಮೂರು ಹಾಡು ಒಂದರ ಹಾಗೆ ಇನ್ನೊಂದು ಕೇಳಿಸ್ತವೆ, ಹೆಸರು ನೋಡದೇ ಇದ್ರೆ ಯಾವುದು ಅಂತ ಇವತ್ತಿಗೂ ತಪ್ತದೆ. ಕೊನೆಯ ಹಾಡು ತಮಾಷೆಯದು, ಅಷ್ಟು ಸಾವು ನೋವು ಕೇಳಿದ ಮೇಲೆ ಅದು ಯಾಕೆ ಅಂತ ತಿಳೀಲಿಲ್ಲ. ಅದನ್ನ ನಾನು ಬಿಟ್ಟೇ ಕೇಳೋದು. ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದ ತನ್ನ ಮನೆಯ ಸ್ಟುಡಿಯೋದಲ್ಲಿ ಕೂತ ಕೋಟ್ಯಧಿಪತಿ ಕೂಲಿಯವರ ಹಾಡು ಹಾಡೋದು ಎಷ್ಟು ಸರಿ ಅಂತ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ನನಗೂ ಬಂದಿತ್ತು. ಆದರೆ ಆ ಪ್ರಶ್ನೆ ನಾನು ಯಾವ ಬಾಯಿಂದ ಕೇಳಲಿ? ಅವನು ಅವರ ಜೊತೆ ಬದುಕಿರಲಿಲ್ಲ, ಆದ್ರೂ ಹೆಸರಿಟ್ಟ. ನಾನು ಅವರ ರೊಟ್ಟಿ ತಿಂದು, ಅವರದೇ ಜಿಲ್ಲೆಯವನಾಗಿ, ಅಪ್ಪ-ಅವ್ವ ಅದೇ ಕೆಲಸ ಮಾಡಿದವನಾಗಿ, 'ಗಂಡಾಳು 9' ಅಂತ ಬರೆದೆ.

ಅವ್ವನ ವಿಷಯ ಹೇಳ್ತೀನಿ ಅಂದಿದ್ದೆ. ಅಂದಿದ್ದೆನಾ? ಇಲ್ಲ ಅನ್ಸುತ್ತೆ. ಇರ್ಲಿ.

ಹೋದ ತಿಂಗಳು ಅವ್ವ ರೊಟ್ಟಿ ಬಡೀತಿದ್ದಳು. ನಾನು ಅಡುಗೆ ಮನೆ ಕಟ್ಟೆ ಮೇಲೆ ಫೋನಿಟ್ಟು ಈ ಆಲ್ಬಂ ಹಚ್ಚಿದ್ದೆ. ಅವ್ವಗೆ ಇಂಗ್ಲಿಷ್ ಬರಲ್ಲ. ಎರಡು ಹಾಡು ಮುಗಿದ ಮೇಲೆ ಬಡಿಯೋದು ನಿಲ್ಲಿಸಿ ಕೇಳಿದಳು. "ಈತ ಯಾಕ ಇಷ್ಟು ಸಣ್ಣ ದನೀಲೆ ಹಾಡ್ತಾನ? ಬಾಜೂಕ ಯಾರರ ಮಲಗ್ಯಾರೇನು?"

ನಾನು ನಕ್ಕೆ. ಅವಳು ನಗಲಿಲ್ಲ. ಬೆಂಗಳೂರಿನ ಶೆಡ್ಡಿನ ಮಾತು ತೆಗೆದಳು. ಇಷ್ಟು ವರ್ಷದಲ್ಲಿ ಅದನ್ನ ಅವಳಾಗಿ ತೆಗೆದದ್ದು ಅದೇ ಮೊದಲು. ಒಂದು ಶೆಡ್ಡಿಗೂ ಇನ್ನೊಂದಕ್ಕೂ ನಡುವೆ ಒಂದೇ ತಗಡು. ಆ ಕಡೆ ಮಗು ಮಗ್ಗುಲು ಬದಲಿಸಿದ್ರೆ ಈ ಕಡೆ ಗೊತ್ತಾಗ್ತಿತ್ತು. ಮುಂಜಾನೆ ಐದಕ್ಕೆ ಎದ್ದು ನೀರಿಗೆ ನಿಲ್ಲಬೇಕು, ಎಲ್ಲರೂ ಬೇಗ ಮಲಗ್ತಿದ್ದರು. "ಊರಿಗೆ ಎಷ್ಟು ಕಳಸಬೇಕು, ನಿನ್ನ ಫೀಜು ಕಟ್ಯಾರೋ ಇಲ್ಲೋ, ನಿನಗ ಜ್ವರ ಬಂದಿತ್ತಂತ, ಎಲ್ಲಾ ಇಷ್ಟ ದನೀಲೇ ಮಾತಾಡ್ತಿದ್ವಿ ನಾನು, ನಿಮ್ಮಪ್ಪ. ಒಂದೊಂದ್ಸಲ ನಿಮ್ಮಪ್ಪಗ ಕೇಳ್ಸೂದೇ ಇಲ್ಲ, ಹೂಂ ಅಂತಿದ್ದ ಸುಮ್ಮನ."

ಮತ್ತೆ ರೊಟ್ಟಿ ಬಡಿಯಕ್ಕೆ ಶುರು ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ, "ಇವನ ಹೆಸರೇನು?" ಅಂದಳು. ಹೇಳಿದೆ. ಆ ಹೆಸರು ಅವಳ ಬಾಯಲ್ಲಿ ನಿಲ್ಲಲಿಲ್ಲ, ಬರೂಸಪ್ಪ ಅಂದಳು. ಈಗ ನಮ್ಮ ಮನೆಯಲ್ಲಿ ಅವನು ಬರೂಸಪ್ಪನೇ.

ಆ ರಾತ್ರಿ ನಾನು ಹಳೇ ಮೇಸ್ತ್ರಿಗೆ ಫೋನ್ ಮಾಡಿದೆ. ನಂಬರ್ ಬದಲಾಗಿರಲಿಲ್ಲ. ಆ ವರ್ಷದ ಹದಿನಾಲ್ಕು ಮಂದಿ ಹೆಸರು ಹೇಳ್ರಿ ಅಂದೆ. ಯಾಕೆ, ಏನಾದ್ರೂ ಕೇಸಾ ಅಂತ ಹೆದರಿದ. ಇಲ್ರಿ, ಸುಮ್ಮನೆ ಬರೆದಿಡಕ್ಕೆ ಅಂದೆ. ಸುಮ್ಮನೆ ಯಾರರ ಬರೀತಾರೇನು ಅಂದ. ಆದ್ರೂ ಹೇಳಿದ. ಹನ್ನೊಂದು ಹೆಸರು ನೆನಪಿತ್ತು ಅವನಿಗೆ. ಮೂವರದು ಇಲ್ಲ. "ಆ ಹೆಣ್ಣುಮಗಳು, ನಿಮಗ ರೊಟ್ಟಿ ತಂದು ಕೊಡ್ತಿದ್ಲಲ್ಲ, ಆಕಿ ಹೆಸರು... ಆಕಿ ಗಂಡನ ಹೆಸರು ಗೊತ್ತದ, ಆಕೀದು ಗೊತ್ತಿಲ್ಲ" ಅಂದ. ನಾನೂ ಅಷ್ಟು ದಿನ ತಿಂದೆ, ಅಕ್ಕಾ ಅಂದೆ, ಹೆಸರು ಕೇಳಿರಲಿಲ್ಲ.

ನೋಟ್‌ಬುಕ್ಕಲ್ಲಿ ಹನ್ನೊಂದು ಬರೆದು ಮೂರು ಸಾಲು ಖಾಲಿ ಬಿಟ್ಟಿದ್ದೀನಿ. ಅವರ ಒಪ್ಪಿಗೆ ಇಲ್ಲದೆ ಇಲ್ಲಿ ಓದಲ್ಲ. ಮೊದಲನೆಯದು ಆ ಕಾಕಾನದು. ಅವನ ಮಗಳು ಪಿಯುಸಿ ತನಕ ಓದಿದಳಂತೆ, ಈಗ ಮದುವೆ ಆಗಿದೆ ಅಂತ ಮೇಸ್ತ್ರಿ ಹೇಳಿದ. ಕಾಕಾ ಇನ್ನೂ ಕೆಲಸದ ಮೇಲೇ ಇದ್ದಾನೆ, ಈಗ ಪುಣೆ ಕಡೆ. ನಂಬರ್ ಕೊಟ್ಟಿದ್ದಾನೆ. ಇನ್ನೂ ಮಾಡಿಲ್ಲ ನಾನು. ಈ ಕಂತು ಹಾಕೋದರೊಳಗೆ ಮಾಡಬೇಕು ಅಂತ ಇದ್ದೆ.

ಕೇಳ್ತಿರೋರಲ್ಲಿ ಯಾರಾದ್ರೂ ಸೈಟಿನಲ್ಲಿ ಲೆಕ್ಕ ಬರೆಯೋ ಹುಡುಗರಿದ್ರೆ, ಹಾಜರಿಯಲ್ಲಿ ಹೆಸರು ಬರೀರಿ. ಜಾಸ್ತಿ ಹೊತ್ತು ಹಿಡಿಯಲ್ಲ, ಹದಿನಾಲ್ಕು ಮಂದಿಗೆ ಎರಡು ನಿಮಿಷ. ಕಟ್ಟಡ ಕೆಲಸದವರು ಮನೆಯಲ್ಲಿದ್ರೆ ಕಾರ್ಡಿನ ವಿಷಯ ತಾಲೂಕಿನ ಕಾರ್ಮಿಕ ಇಲಾಖೆ ಆಫೀಸಿನಲ್ಲಿ ಕೇಳಿ. 18ರಿಂದ 60 ವಯಸ್ಸಿನವರಿಗೆ ಆಗ್ತದೆ.

ಆಲ್ಬಂ ಕೇಳೋರಿಗೆ, ಹಗಲು ಬ್ಯಾಡ, ಬಸ್ಸಿನಲ್ಲಿ ಬ್ಯಾಡ. ರಾತ್ರಿ ಕೇಳ್ರಿ. ಮೊದಲ ಸಲ ನಿದ್ದೆ ಬಂದ್ರೆ ಬೇಜಾರಾಗಬ್ಯಾಡ್ರಿ, ನನಗೂ ಬಂದಿತ್ತು.

ಅವ್ವ ಕೆಮ್ಮಿದ ಹಾಗಾಯ್ತು. ಎದ್ದಳು ಅನ್ಸುತ್ತೆ. ಇಡ್ತೀನಿ.